ಮನೆ ನೋಡಿಯೇ ಕೊಡಲಾಗುವುದು

ಆ ಚೀಟಿ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯ ಗಾಜಿಗೆ ಅಂಟಿತ್ತು. 'ದೊಡ್ಡ ಜಾತಿಯ ನಾಯಿಮರಿ ಒಂದು ಉಳಿದಿದೆ. ಮನೆ ನೋಡಿಯೇ ಕೊಡಲಾಗುವುದು.'

ನನಗೆ ನಗು ಬಂತು. ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋಗುತ್ತಾರೆ. ಹಿತ್ತಲಲ್ಲಿ ನೀರಿದೆಯೇ, ಅಡುಗೆಮನೆಗೆ ಬೆಳಕಿದೆಯೇ, ಅತ್ತೆಯ ಬಾಯಿ ಹೇಗೆ, ಎಲ್ಲ ನೋಡಿಕೊಂಡು ಬಂದು ಆಮೇಲೆ ಹೂಂ ಅನ್ನುವುದು. ನಾಯಿ ಕೊಡಲಿಕ್ಕೂ ಮನೆ ನೋಡುವ ಈ ಮಹಾಶಯ ಯಾರಿರಬಹುದು ಎಂದು ಬಾಗಿಲಲ್ಲಿ ಬಗ್ಗಿ ಒಳಗೆ ಇಣುಕಿದೆ.

ಬಗ್ಗುವುದು ನನಗೆ ಹೊಸದಲ್ಲ. ನಾನು ಐದು ಅಡಿ ಹತ್ತು ಇಂಚು. ಮೋಟೆಬೆನ್ನೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಅಲ್ಲಿ ಮಕ್ಕಳ ಮುಂದೆ ಈ ಎತ್ತರ ಉಪಯೋಗಕ್ಕೆ ಬರುತ್ತದೆ. ಬ್ಯಾಡಗಿಯ ನಮ್ಮ ಮನೆಗೆ ಬಂದ ವರಗಳ ಮುಂದೆ ಮಾತ್ರ ಬರಲಿಲ್ಲ. ಏಳು ಜನ ಬಂದು ಹೋದರು. ಅವಲಕ್ಕಿ ತಿಂದರು, ಚಹಾ ಕುಡಿದರು, ನಾನು ಎದ್ದು ನಿಂತ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಹುಡುಗಿ ಚಲೋ ಅದಾಳ, ಸ್ವಲ್ಪ ಎತ್ತರ ಆತು' ಎಂದು ಮರುದಿನ ಹೇಳಿ ಕಳಿಸುವುದು. ಇಪ್ಪತ್ತೆಂಟು ತುಂಬುವಷ್ಟರಲ್ಲಿ ಭುಜ ಒಳಗೆ ಎಳೆದುಕೊಂಡು ನಿಲ್ಲುವುದನ್ನು ನಾನು ಚೆನ್ನಾಗಿಯೇ ಕಲಿತಿದ್ದೆ.

"ಬರ್ರಿ, ಯಾವ ಬೀಜ ಬೇಕಾಗಿತ್ರಿ?"

"ಬೀಜ ಅಲ್ಲರಿ. ಚೀಟಿ ನೋಡಿದೆ."

ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. ನನಗಿಂತ ಎರಡು ಬೆರಳು ಗಿಡ್ಡ. ನನ್ನ ಪಕ್ಕ ನಿಲ್ಲಬೇಕಾಗಿ ಬಂದಾಗ ಗಂಡಸರು ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇವನು ಸರಿಯಲಿಲ್ಲ. ಮುಖ ಸ್ವಲ್ಪ ಮೇಲೆತ್ತಿ ನೋಡಿದ, ನಕ್ಕ, ಆಮೇಲೆ ನಕ್ಕದ್ದು ಹೆಚ್ಚಾಯಿತೇನೋ ಎಂಬಂತೆ ಮೀಸೆ ಸವರಿಕೊಂಡ.

ಅಂಗಡಿಯ ಹಿಂದೆಯೇ ಅವನ ಮನೆ. ಅಂಗಳದಲ್ಲಿ ಎರಡು ತಿಂಗಳ ಮರಿ ಕೂತಿತ್ತು. ಬಿಸ್ಕಿಟ್ ಬಣ್ಣ, ಕಪ್ಪು ಮೂತಿ. ಪಾದಗಳು ಮಾತ್ರ ಬೇರೆ ಯಾರದ್ದೋ ಇಸಿದುಕೊಂಡು ಬಂದಷ್ಟು ದೊಡ್ಡವು.

"ಉಳದ ಮರಿ ಎಲ್ಲಾ ಹೋದೂರಿ. ಇದರ ಕಾಲು ನೋಡಿದವ್ರು ಹೆದರತಾರ. ಇದು ಭಾಳ ದೊಡ್ಡದಾಗತೈತಿ, ಬ್ಯಾಡ ಅಂತಾರ."

"ಎಷ್ಟು ದೊಡ್ಡದ್ರಿ?"

"ಗ್ರೇಟ್ ಡೇನ್ ರೀ. ಆಕಳ ಕರಾ ಇದ್ದಂಗ ಆಗತೈತಿ. ನಾ ಸುಳ್ಳು ಹೇಳಿ ಕೊಡಂಗಿಲ್ಲ." ಮರಿಯ ಕಿವಿ ಸವರುತ್ತ ಅವನು ಹೇಳಿದ, "ದೊಡ್ಡದಾಗೋದನ್ನ ತಪ್ಪು ಅನ್ನೋರ ಮನಿಗೆ ಇದನ್ನ ಕಳಸಂಗೂ ಇಲ್ಲ."

ವಾಲಿಬಾಲ್ ನೆಟ್ ತರಲು ರಾಣೆಬೆನ್ನೂರಿಗೆ ಬಂದವಳು, ಅದನ್ನು ಪೂರ್ತಿ ಮರೆತು ಹೇಳಿಬಿಟ್ಟೆ.

"ನಮ್ಮನಿ ನೋಡಾಕ ಬರ್ರಿ."

ಅವನ ಹೆಸರು ವಿಜಯಮಹಾಂತೇಶ. "ಪೂರಾ ಕರೀಬೇಕೇನ್ರಿ?" ಎಂದು ಕೇಳಿದೆ. "ನಿಮಗ ಎಷ್ಟು ಉಸಿರೈತೋ ಅಷ್ಟು ಕರೀರಿ" ಎಂದ.

ಅದು ೨೦೦೬ರ ಜನವರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಭರ್ತಿ ಸೀಸನ್. ಅಪ್ಪ ಶೇಖಪ್ಪನದು ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಅಲ್ಲಿ ಜಾಗ ಸಾಲದೆ ನಮ್ಮ ಪಡಸಾಲೆಯ ಅರ್ಧಕ್ಕೂ ಕೆಂಪು ರಾಶಿ ಬಿದ್ದಿತ್ತು. ಆ ಭಾನುವಾರ ವಿಜಯಮಹಾಂತೇಶ ಗಾಡಿ ನಿಲ್ಲಿಸಿ ಹೊಸಿಲು ದಾಟಿದವನೇ ಸೀನಲು ಶುರು ಮಾಡಿದ. ಒಂದು, ಎರಡು, ಐದು. ಅಜ್ಜಿ ಫಕ್ಕೀರವ್ವ ಮರುಗಿದಳು.

"ಪಾಪ, ಹುಡುಗಗ ನೆಗಡಿ ಆಗೈತಿ. ಕಷಾಯ ಕುದಸವಾ ಶ್ವೇತಾ."

ಕಷಾಯ ಕುಡಿದು, ಕಣ್ಣು ಒರೆಸಿಕೊಂಡು, ಅವನು ಮನೆ ನೋಡಿದ. ಹಿತ್ತಲ ಗೋಡೆ ನೋಡಿದ, ನೆರಳು ನೋಡಿದ, ಫರಸಿ ಕಲ್ಲಿನ ನೆಲದ ಮೇಲೆ ಅಂಗಾಲು ತಿಕ್ಕಿ ನೋಡಿದ. ನಾನು ಎಲ್ಲಿ ನಿಂತರೂ ಅವನ ನೋಟ ಸುತ್ತಿ ಬಳಸಿ ನನ್ನ ಹತ್ತಿರ ಬರುತ್ತಿತ್ತು. ನಾನು ತಿರುಗಿದ ಕೂಡಲೇ ಅದು ಮಾಡಿಗೆ ಹಾರುತ್ತಿತ್ತು. ನಮ್ಮ ಮಾಡಿನಲ್ಲಿ ಜೇಡರಬಲೆ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ.

"ಈ ನೆಲ ಭಾಳ ನುಣುಪೈತ್ರಿ. ದೊಡ್ಡ ಜಾತಿ ಮರಿ ಎಲುಬು ಎಳೇವು ಇರತಾವ, ಜಾರಿದ್ರ ಜನ್ಮಪೂರ್ತಿ ಕುಂಟತಾವ. ಚೀಲನೋ ಏನರ ದಪ್ಪಂದು ಹಾಸ್ರಿ. ಒಂದ್ ವರ್ಷ ಮೆಟ್ಟಲಾ ಹತ್ತಸಬ್ಯಾಡ್ರಿ. ದಿನಕ್ಕ ನಾಕು ಸರ್ತಿ ಸ್ವಲ್ಪ ಸ್ವಲ್ಪ ಹಾಕ್ರಿ. ಲಗೂ ಬೆಳೀಲಿ ಅಂತ ತುರುಕಬ್ಯಾಡ್ರಿ."

"ಮತ್ತೇನ್ರಿ?"

"ಏನರ ಹೆಚ್ಚುಕಮ್ಮಿ ಆದ್ರ ವಾಪಸ್ ಒಯ್ತೇನಿ. ಆವಾಗ ಬ್ಯಾಸರ ಮಾಡ್ಕೋಬಾರದು."

"ಮಗಳ್ನ ಕೊಟ್ಟಂಗ ಮಾತಾಡ್ತಾನಲ್ಲ ಇಂವ!" ಎಂದಳು ಅಜ್ಜಿ, ಬಾಯಿಗೆ ಸೆರಗು ಹಿಡಿದು.

ಮುಂದಿನ ವಾರವಿಡೀ ಮನೆಯಲ್ಲಿ ಸಂಭ್ರಮ. ನಾನು ಹಿತ್ತಲ ಗೇಟಿಗೆ ತಂತಿ ಜಾಳಿಗೆ ಕಟ್ಟಿಸಿದೆ. ಮೆಟ್ಟಿಲಿಗೆ ಹಳೆಯ ಹಲಗೆ ಅಡ್ಡ ಇಟ್ಟೆ. ನಾಯಿಗಾಗಿ ನಾನು ತಂದ ಸ್ಟೀಲ್ ಬೋಗುಣಿ ನೋಡಿ ಅಜ್ಜಿ, "ಇದರಾಗ ನಾಕು ಮಂದಿ ಪಾಯಸಾ ಉಣಬಹುದು" ಎಂದಳು. ಅಪ್ಪ ಅಂಗಡಿಯಿಂದ ಹನ್ನೆರಡು ಗೋಣಿಚೀಲ ತಂದು, ಓಣಿಯಲ್ಲಿ ನಿಂತು ತಾನೇ ಝಾಡಿಸಿ, ಫರಸಿಯ ಮೇಲೆ ಗೋಡೆಯಿಂದ ಗೋಡೆಗೆ ಹಾಸಿದ.

ಮರಿ ಬಂತು. ಬಂದ ಗಳಿಗೆಯಲ್ಲೇ ಅಪ್ಪನ ಚಪ್ಪಲಿ ತೋಯಿಸಿ, ಅಜ್ಜಿಯ ಎಲೆ ಅಡಿಕೆ ಚಂಚಿ ಹೊತ್ತುಕೊಂಡು ಓಡಿತು. ಅಜ್ಜಿ ಬೈಯುತ್ತ ಬೈಯುತ್ತಲೇ ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟಳು. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅವತ್ತೇ.

ಮೂರನೆಯ ದಿನ ಬೆಳಿಗ್ಗೆ ಪೈಲ್ವಾನ ಏಳಲಿಲ್ಲ. ಕಣ್ಣು ಬಾತು ಮುಚ್ಚಿಹೋಗಿದ್ದವು. ಅಂಗಾಲು ಕೆಂಪಾಗಿದ್ದವು. ಮೂತಿಯನ್ನು ಚೀಲಕ್ಕೆ ತಿಕ್ಕಿ ತಿಕ್ಕಿ ಅಳುತ್ತಿತ್ತು. ನಾನು ಫೋನ್ ಮಾಡಿದೆ. "ವಿಜಯಮಹಾಂತೇಶರ" ಎಂದೆ, ಮರಿ ಅಳುವುದು ಅವನಿಗೂ ಕೇಳಿಸಿರಬೇಕು. "ಬಂದೆ" ಎಂದವನು ಅರ್ಧ ಗಂಟೆಯಲ್ಲಿ ಬಾಗಿಲಲ್ಲಿದ್ದ.

ಮರಿಯನ್ನು ಎತ್ತಿ ಎದೆಗೆ ಒತ್ತಿಕೊಂಡ. ಸೀನಿದ. ನೆಲ ನೋಡಿದ. ಬಗ್ಗಿ ಚೀಲದ ಒಂದು ತುದಿ ಎತ್ತಿದ. ಸಣ್ಣಗೆ ಕೆಂಪು ಧೂಳು ಉದುರಿತು.

"ಇದು ಯಾತರ ಚೀಲರಿ?"

"ಮೆಣಸಿನಕಾಯಿದಪಾ. ಝಾಡಿಸೀನಲ್ಲ!" ಎಂದ ಅಪ್ಪ. ನಂತರ ದನಿ ಇಳಿಸಿ, "ಬ್ಯಾಡಗಿ ಕಾಯಿಗೆ ಖಾರ ಎಲ್ಲೈತಿ? ಬಣ್ಣ ಅಷ್ಟ" ಎಂದ.

ನಾವು ಮೂವರೂ ಒಂದೊಂದು ಚೀಲ ಎತ್ತಿ ಮೂಸಿ ನೋಡಿದೆವು. ಖರೇ ಹೇಳುತ್ತೇನೆ, ನಮಗೆ ಏನೂ ವಾಸನೆ ಬರಲಿಲ್ಲ. ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಉಂಡು ಮಲಗಿದ ಮೂಗುಗಳು. ಪ್ರೀತಿಯಿಂದ ಹಾಸಿದ್ದೇ ಆ ಕೂಸಿನ ಕಣ್ಣು ಸುಟ್ಟಿತ್ತು.

ದನದ ಆಸ್ಪತ್ರೆಯ ಡಾಕ್ಟರು ಕಣ್ಣು ತೊಳೆದರು. ಕಣ್ಣಿಗೆ ಅಪಾಯವಿಲ್ಲ, ಆದರೆ ಹತ್ತು ದಿನ ಡ್ರಾಪ್ಸ್ ಹಾಕಬೇಕು, ಖಾರದ ಗಾಳಿ ಸೋಕಬಾರದು ಎಂದರು. ಅಪ್ಪ ಮತ್ತೆ ಬಣ್ಣದ ಮಾತು ತೆಗೆದಾಗ, "ಅದನ್ನ ನಾಯಿಗೆ ಹೇಳ್ರಿ ಶೇಖಪ್ಪಾರ" ಎಂದರು.

"ನಾ ಒಯ್ತೇನ್ರಿ" ಎಂದ ವಿಜಯಮಹಾಂತೇಶ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಮಾತು ಮಾತೇ. ಮರಿ ಹೋದರೆ ಅವನು ಇನ್ನೊಮ್ಮೆ ನಮ್ಮ ಹೊಸಿಲಿಗೆ ಬರಲು ಕಾರಣವೇ ಉಳಿಯುವುದಿಲ್ಲ ಎನ್ನುವುದೂ ಆ ನಿಮಿಷವೇ ನನಗೆ ಹೊಳೆಯಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಅತ್ತೆನೋ ಹೇಳಲಾರೆ.

ಮರುದಿನ ಶಾಲೆ ಬಿಟ್ಟ ಮೇಲೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅವನ ತಾಯಿ ಸುಶೀಲವ್ವ, "ಒಳಗ ಬಾರವ್ವ, ಅಡಿಗಿಮನ್ಯಾಗ ಮಲಗೈತಿ" ಎಂದರು. ಮರಿಯನ್ನು ನೋಡುವ ಆತುರದಲ್ಲಿ ಬಗ್ಗುವುದನ್ನು ಮರೆತೆ. ಬಾಗಿಲ ಮೇಲಿನ ಕಲ್ಲು ಹಣೆಗೆ ಬಡಿಯಿತು.

"ಅಯ್ಯೋ ನನ್ನವ್ವ!" ಸುಶೀಲವ್ವ ಸೆರಗಿಗೆ ಬಾಯಿ ಗಾಳಿ ಊದಿ ಊದಿ ಹಣೆಗೆ ಶಾಖ ಕೊಟ್ಟರು. ವಿಜಯಮಹಾಂತೇಶ ಬಿಳಿಚಿಕೊಂಡು ನಿಂತಿದ್ದ.

"ಬಾಗಲದ ತಪ್ಪಲ್ಲರಿ" ಎಂದೆ ನಾನು, ಅಭ್ಯಾಸದಂತೆ. "ನಂದ ಎತ್ತರ ಜಾಸ್ತಿ ಆತು."

"ಹಂಗ್ಯಾಕ ಅಂತೀರಿ?" ಅವನಿಗೆ ಮೊದಲ ಸಲ ಸಿಟ್ಟು ಬಂದದ್ದು ಕಂಡೆ. "ಬಾಗಲಾ ಸಣ್ಣದೈತಿ ಅನ್ರಿ."

ಇಡೀ ವಾರ ಹೋದೆ. ಪೈಲ್ವಾನನ ತಲೆ ನನ್ನ ತೊಡೆಯ ಮೇಲೆ, ಡ್ರಾಪ್ಸ್ ಅವನ ಕೈಯಲ್ಲಿ. ಮರಿ ಕೊಸರಿದಾಗ ನಮ್ಮ ಬೆರಳುಗಳು ತಾಗುತ್ತಿದ್ದವು. ಇಬ್ಬರೂ ಮರಿಗೇ ಬೈಯುತ್ತಿದ್ದೆವು. ಒಂದು ಸಂಜೆ ಕೇಳಿಯೇಬಿಟ್ಟೆ.

"ಅವತ್ತು ಮನಿ ನೋಡಾಕ ಬಂದಾಗ ಅಷ್ಟು ಸೀನಿದ್ರಿ. ಮೆಣಸಿನಕಾಯಿ ರಾಶಿ ಮುಂದ ಇತ್ತು. ನಿಮಗ ತಿಳೀಲಿಲ್ಲೇನು?"

ಅವನು ಡ್ರಾಪ್ಸಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ತಪ್ಪು ನಂದೂ ಐತ್ರಿ. ಮನಿ ನೋಡಾಕ ಬಂದು, ಅವತ್ತು ನಾ ಮನೀನ ನೋಡಲಿಲ್ಲ."

ಕಿವಿಯ ತುದಿಯವರೆಗೂ ಅವನು ಕೆಂಪಾಗಿದ್ದ. ನಮ್ಮ ಬ್ಯಾಡಗಿಯ ಕಾಯಿಗೂ ಅಷ್ಟು ಬಣ್ಣವಿಲ್ಲ. ನಾನು ತಲೆ ತಗ್ಗಿಸಿ ಪೈಲ್ವಾನನ ಕಿವಿಯಲ್ಲಿ ಇಲ್ಲದ ಉಣ್ಣಿ ಹುಡುಕಿದೆ.

ಅದೇ ಶುಕ್ರವಾರ ಅವನ ಫೋನ್ ಬಂತು. "ಎರಡು ದಿನ ಬರಬ್ಯಾಡ್ರಿ. ರವಿವಾರ ಎಲ್ಲಾರೂ ಕೂಡಿ ಬರ್ರಿ, ಮಾತಾಡೂದೈತಿ." ಅಷ್ಟೇ. ಯಾಕೆ ಎಂದು ಹೇಳಲಿಲ್ಲ.

ಮರಿಯನ್ನು ಕೊಡುವುದಿಲ್ಲ ಎಂದು ಎದುರಿಗೇ ಹೇಳಲು ಕರೆದಿದ್ದಾನೆ ಎಂದುಕೊಂಡೆ. 'ಸ್ವಲ್ಪ ಎತ್ತರ ಆತು' ಎಂದು ಹೇಳಿ ಕಳಿಸುವವರೂ ಹಿಂದಿನ ದಿನ ನಗುತ್ತಲೇ ಚಹಾ ಕುಡಿದಿದ್ದರಲ್ಲ.

ಆ ಎರಡು ದಿನ ಅಪ್ಪ, ಅಜ್ಜಿ ಏನು ಮಾಡಿದರು ಎನ್ನುವುದನ್ನು ಹೇಳಲೇಬೇಕು. ಅಪ್ಪ ಪಡಸಾಲೆಯ ರಾಶಿಯನ್ನೆಲ್ಲ ಕೋಲ್ಡ್ ಸ್ಟೋರೇಜಿಗೆ ಸಾಗಿಸಿ, ಸೀಸನ್ನಿನಲ್ಲಿ ಮೊದಲ ಸಲ ಅಂಗಡಿಗೆ ರಜೆ ಮಾಡಿ, ನೆಲ ಗೋಡೆ ಎಲ್ಲ ಏಳು ನೀರಿನಲ್ಲಿ ತೊಳೆದ. ನಮ್ಮ ಮೂಗನ್ನು ನಂಬದೆ, ಹಾವೇರಿಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನವರನ್ನು ಕರೆತಂದು ಮನೆ ಮೂಸಿಸಿದ. ಅವರು ಸೀನಲಿಲ್ಲ. ಅಪ್ಪ ಅವರ ಕೈ ಕುಲುಕಿದ. ಅಜ್ಜಿ ತನ್ನ ಇಲಕಲ್ಲ ಸೀರೆಗಳನ್ನು ಹರಿದು, ವಾರದಿಂದ ಹೊಲಿಯುತ್ತಿದ್ದ ಕೌದಿಯ ಕೊನೆಯ ಅಂಚು ಮುಗಿಸಿದಳು. ನಾಲ್ಕು ಪದರದ ದಪ್ಪ ಕೌದಿ, ಜಮಖಾನೆಯಷ್ಟು ಅಗಲ.

"ನಾಯಿಗೆ ಇಷ್ಟ ದೊಡ್ಡದಾ ಅಜ್ಜಿ?"

"ದೊಡ್ಡದಾಗತೈತಂತಲ್ಲ. ದೊಡ್ಡವರಿಗೆ ದೊಡ್ಡದ ಬೇಕು."

ಭಾನುವಾರ ಕೌದಿ ಹೊತ್ತುಕೊಂಡು ಮೂವರೂ ರಾಣೆಬೆನ್ನೂರಿಗೆ ಹೋದೆವು. ಅಂಗಳ ತುಂಬ ಸಿಮೆಂಟಿನ ವಾಸನೆ. ಕಣ್ಣು ತೆರೆದ ಪೈಲ್ವಾನ ಓಡಿ ಬಂದು, ಕಾಲು ತೊಡರಿಸಿಕೊಂಡು ಬಿದ್ದು, ಎದ್ದು, ನನ್ನ ಸೀರೆಯ ನೆರಿಗೆ ಕಚ್ಚಿತು. ಒಳಗಿನಿಂದ ಸುಶೀಲವ್ವ ಕೂಗಿದರು, "ಬಾರವ್ವ ಶ್ವೇತಾ, ಇಲ್ಲೆ ಬಾ."

ಅಡುಗೆಮನೆಯ ಬಾಗಿಲಲ್ಲಿ ಬಗ್ಗಿದೆ. ಈ ಸಲ ಮರೆಯಲಿಲ್ಲ. ಆದರೆ ಬಗ್ಗಿದ ತಲೆಯ ಮೇಲೆ ಏನೋ ಖಾಲಿ ಖಾಲಿ ಅನಿಸಿತು. ಕೈ ಎತ್ತಿ ನೋಡಿದೆ. ಹಳೆಯ ಕಲ್ಲು ಇರಲಿಲ್ಲ. ಗೋಡೆ ಒಡೆದು ಒಂದು ಅಡಿ ಮೇಲೆ ಹೊಸ ಚೌಕಟ್ಟು ಕೂರಿಸಿದ್ದರು. ಸುತ್ತ ಮೆತ್ತಿದ ಸಿಮೆಂಟಿನ ಗಿಲಾಯಿ ಇನ್ನೂ ಆರಿರಲಿಲ್ಲ.

ಹಿಂದೆ ವಿಜಯಮಹಾಂತೇಶ ನಿಂತಿದ್ದ. ತಲೆಗೂದಲಲ್ಲಿ ಸುಣ್ಣ.

"ಯಾಕ ಒಡಿಸಿದ್ರಿ?"

"ಪೈಲ್ವಾನ ದೊಡ್ಡದಾಗತೈತಲ್ರಿ..."

"ಅದು ಎಷ್ಟ ದೊಡ್ಡದಾದ್ರೂ ಆರು ಅಡಿ ಆಗಂಗಿಲ್ಲ."

"ಹೌದ್ರಿ. ಆಗಂಗಿಲ್ಲ." ಅವನು ಉಸಿರು ಎಳೆದುಕೊಂಡ. "ಎಷ್ಟು ಎತ್ತರ ಬೇಕು ಅಂತ ಗೌಂಡಿ ಕೇಳಿದ. ಶ್ವೇತಾ ಟೀಚರು ತಲಿ ಎತ್ತಿ ಒಳಗ ಬರೂವಷ್ಟು ಅಂದೆ. ನಾಯಿ ನಿಮ್ಮದರಿ, ಇವತ್ತ ಒಯ್ರಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಒಲ್ಲೆ ಅಂದ್ರೂ ಈ ಬಾಗಲಾ ಹಿಂಗ ಇರತೈತಿ."

ಹುಟ್ಟಿದಾಗಿನಿಂದ ಎಲ್ಲರೂ ನನಗೆ ಬಗ್ಗು ಎಂದಿದ್ದರು. ನನಗಾಗಿ ಕಲ್ಲು ಎತ್ತಿಸಿದವನು ಇವನೊಬ್ಬ. ಪೈಲ್ವಾನನ ಕಾಲು ನೋಡಿ ಹೆದರಿ ಹೋದವರಿಗೂ, ನನ್ನ ಎತ್ತರ ನೋಡಿ ಎದ್ದು ಹೋದ ಆ ಏಳು ಜನಕ್ಕೂ ಅಲ್ಲೇ ನಿಂತು ಮನಸ್ಸಿನಲ್ಲಿ ಕೈಮುಗಿದೆ. ಅವರಲ್ಲಿ ಒಬ್ಬರು ಹೂಂ ಅಂದಿದ್ದರೂ ನಾನು ಈ ಬಾಗಿಲಲ್ಲಿ ಇರುತ್ತಿರಲಿಲ್ಲ.

ಅಷ್ಟರಲ್ಲಿ ಹಿತ್ತಲಿನಿಂದ ಅಜ್ಜಿಯ ದನಿ ಕೇಳಿತು. ಬಂದವಳು ಕೂರುವ ಬದಲು ಊರುಗೋಲು ಊರುತ್ತ ಮನೆಯೆಲ್ಲ ಸುತ್ತಿದ್ದಳು.

"ಶೇಖಪ್ಪಾ, ಹಿತ್ತಲದಾಗ ನೀರೈತಿ. ಅಡಿಗಿಮನಿಗೆ ಬೆಳಕೈತಿ. ಬೀಗತಿ ಬಾಯಿನೂ ಮೆತ್ತಗೈತಿ."

"ಅವ್ವಾ, ನಾವು ನಾಯಿ ಒಯ್ಯಾಕ ಬಂದೇವಿ" ಎಂದ ಅಪ್ಪ, ಮುಜುಗರದಿಂದ.

"ನಾಯಿ ಕೊಡೂ ಮುಂದ ಆತ ನಮ್ಮನಿ ನೋಡಿದ. ಮಗಳ್ನ ಕೊಡೂ ಮುಂದ ನಾವು ನೋಡಬಾರದೇನು?" ಎಂದು ಅಜ್ಜಿ ನಮ್ಮ ಹತ್ತಿರ ಬಂದು ನನ್ನ ಕಡೆ ತಿರುಗಿದಳು. "ನಾ ನೋಡಿದ್ದು ಆತು. ನೀ ಏನಂತೀಯವಾ?"

ಎಲ್ಲರೂ ನನ್ನನ್ನೇ ನೋಡಿದರು. ನಾನು ಬಾಗಿಲಿನಿಂದ ಹೊರಗೆ ಬಂದೆ. ಒಳಗೆ ಎಳೆದುಕೊಂಡಿದ್ದ ಭುಜ ಬಿಟ್ಟೆ. ಬೆನ್ನು ನೆಟ್ಟಗೆ ಮಾಡಿ, ಐದು ಅಡಿ ಹತ್ತು ಇಂಚೂ ನಿಂತು, ತಲೆ ಎತ್ತಿಕೊಂಡೇ ಆ ಬಾಗಿಲು ದಾಟಿ ಒಳಗೆ ಹೋದೆ. ಕಾಲಿಗೆ ತೊಡರುತ್ತ ಪೈಲ್ವಾನನೂ ಬಂತು.

"ಸಾಲತೈತೇನ್ರಿ?" ಹೊಸಿಲ ಆಚೆಯಿಂದ ಅವನು ಕೇಳಿದ.

"ಹೂಂ" ಎಂದೆ.