ಎಂಟು ದಿನ ಕೈಗೆ ಕಟ್ಟಿದ ವಾಚು

"ವಾಚು ನಿಂತದೋ, ನಾನ ನಿಂತೀನೋ ಅಂತ ಕೇಳಿದ್ಳು ನೋಡ್ರಿ ಆ ಮುದುಕಿ. ನಾ ಏನಂತ ಹೇಳಬೇಕಿತ್ತು?"

ಮಾನ್ವಿ ಬಸ್ ನಿಲ್ದಾಣದ ಪಕ್ಕದ ಪುಟ್ಟ ವಾಚು ರಿಪೇರಿ ಅಂಗಡಿಯ ಮುಂದೆ ನಿಂತು ಅಮರಮ್ಮ ಬುಸುಗುಡುತ್ತಿದ್ದಳು.

ಅವಳು ಮಾನ್ವಿಯಿಂದ ದಿನಾ ಬಸ್ಸಿಗೆ ಹೋಗಿಬರುವ, ನೀರಮಾನ್ವಿಯ ದವಾಖಾನೆಯ ನರ್ಸು. ಆ ಬೆಳಿಗ್ಗೆ ಅಯ್ಯಮ್ಮನೆಂಬ ಮುದುಕಿಯ ನಾಡಿ ಎಣಿಸುತ್ತಿದ್ದಾಗ, ಹಿಂದಿನ ವಾರವಷ್ಟೇ ಇದೇ ಅಂಗಡಿಯಲ್ಲಿ ರಿಪೇರಿಯಾಗಿದ್ದ ವಾಚಿನ ಸೆಕೆಂಡ್ ಮುಳ್ಳು ನಿಂತುಬಿಟ್ಟಿತ್ತು. ಎಣಿಕೆ ಇನ್ನೂರು ದಾಟಿದರೂ ನಿಮಿಷ ಮುಗಿಯಲಿಲ್ಲ. ಇವಳ ಮುಖ ನೋಡಿಯೇ ಮುದುಕಿ ತನ್ನ ಕತೆ ಮುಗಿಯಿತೆಂದು ಅಳಲು ಶುರುಮಾಡಿದ್ದಳು.

ಅಂಗಡಿಯೊಳಗಿನ ತರುಣ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದ.

"ಮುದುಕಿ ಈಗ ಹೆಂಗದಾಳ್ರಿ?"

ಜಗಳಕ್ಕೆ ತಯಾರಾಗಿ ಬಂದವಳಿಗೆ ಈ ಪ್ರಶ್ನೆ ಸಿಗುತ್ತದೆಂದು ಗೊತ್ತಿರಲಿಲ್ಲ. "ಚಲೋ ಅದಾಳ. ಚಾ ಕುಡದು ಮನಿಗೆ ಹೋದ್ಳು," ಎಂದಳು. ದನಿ ತಾನಾಗಿ ಇಳಿದಿತ್ತು.

ಅವನು ಆ ಪುಟ್ಟ ಲೇಡೀಸ್ ವಾಚನ್ನು ಮೇಜಿನ ಮೇಲಿಟ್ಟ. ಅದು ಜಾಣ ಮಗುವಿನಂತೆ ಟಿಕ್ ಟಿಕ್ ಎನ್ನತೊಡಗಿತು.

"ನಿಮ್ಮ ಮುಂದ ಓಡ್ತದ. ನನ್ನ ಕೈಗೆ ಬಂದ್ರ ನಿಲ್ತದ," ಎಂದಳು ಅಮರಮ್ಮ.

"ಕೆಲವು ವಾಚು ಹಂಗ ಇರ್ತಾವ್ರಿ. ಎಂಟು ದಿನ ಬಿಟ್ಟು ಹೋಗ್ರಿ."

ಇವನ ಹೆಸರು ಪಕೀರಪ್ಪ. ಊರು ದೇವದುರ್ಗ ತಾಲೂಕಿನ ಜಾಲಹಳ್ಳಿ. ಅಂಗಡಿ ಉಸ್ತಾದ್ ನಬೀಸಾಬರದ್ದು. ಅವರ ಕಣ್ಣು ಮಂಜಾದ ಮೇಲೆ ಶಿಷ್ಯನೇ ಅದನ್ನು ನಡೆಸುತ್ತಿದ್ದ. ಹೆಸರಿಗೆ ಪಕೀರ, ಕೈತುಂಬ ಊರವರ ವಾಚುಗಳು!

ಅಮರಮ್ಮನ ಕಣ್ಣು ಅವನ ಬರಿದಾದ ಮಣಿಕಟ್ಟಿನ ಮೇಲೆ ಬಿತ್ತು.

"ಊರ ಮಂದೀ ವಾಚು ನೆಟ್ಟಗ ಮಾಡ್ತೀರಿ. ನಿಮ್ಮ ಕೈಯಾಗ ಒಂದೂ ಇಲ್ಲಲ್ಲ?"

"ಮಾವ ಕೊಡಲಿ, ಕಟ್ಟತೀನಿ," ಎಂದು ಅವನು ನಕ್ಕ.

ಅದು ಎಪ್ಪತ್ತೆಂಟನೇ ಇಸವಿ. ಹುಡುಗನ ಕೈಯಲ್ಲಿ ಹೊಸ ವಾಚು ಮಿಂಚಿದರೆ ಸಾಕು, "ಯಾವಾಗಪ್ಪಾ ಮದುವಿ?" ಎಂದು ಮಂದಿ ಕೇಳುತ್ತಿದ್ದ ಕಾಲ. ನಿಶ್ಚಯದ ದಿನ ಹೆಣ್ಣಿನ ಅಪ್ಪ ಗಂಡಿನ ಕೈಗೆ ವಾಚು ಕಟ್ಟಿದರೆ ಮಾತು ಪಕ್ಕಾ ಆದಂತೆ.

ಎಂಟು ದಿನ ಅಮರಮ್ಮ ಬಸ್ಸಿಗೆ ಹೋಗುವಾಗ ಅಂಗಡಿಯ ಮುಂದೆ ನಿಂತು "ಆತೇನ್ರಿ?" ಎನ್ನುವಳು. "ಇನ್ನೂ ಇಲ್ರಿ," ಎನ್ನುವನು. ಏಪ್ರಿಲ್ ತಿಂಗಳ ಬಿಸಿಲಿಗೆ ರಸ್ತೆಯ ಡಾಂಬರು ಕರಗುತ್ತಿತ್ತು. ಅವನು ಮಾತ್ರ ತುಂಬು ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಸಹ ಹಾಕಿಕೊಂಡು, ಬೆವರು ಸುರಿಸುತ್ತ ಕೂತಿರುತ್ತಿದ್ದ.

"ಇಂಥ ಬಿಸಲಾಗ ಇದೇನ್ರಿ ವೇಷ?" ಎಂದು ಒಮ್ಮೆ ಕೇಳಿದಳು.

"ಹಂಗ ಸುಮ್ನ," ಎಂದ. ಕಿವಿ ಕೆಂಪಾಗಿತ್ತು.

ಇವನಿಗೆ ಅರ್ಧ ಹುಚ್ಚು... ಎಂದುಕೊಂಡಳು ಅಮರಮ್ಮ. ಆದರೆ ಆ ಅರ್ಧ ಹುಚ್ಚನನ್ನು ನೋಡದ ಭಾನುವಾರ ಯಾಕೋ ಮುಗಿಯಲೇ ಇಲ್ಲ.

ವಾಚು ಕೈಗೆ ಬಂತು. ಮತ್ತೆಂದೂ ನಿಲ್ಲಲಿಲ್ಲ. ಹಾಗಾದರೆ ಅಂಗಡಿಗೆ ಹೋಗುವುದು ಹೇಗೆ? ಅಮರಮ್ಮ ದಾರಿ ಕಂಡುಕೊಂಡಳು. ಮನೆಯಿಂದ ಹೊರಡುವಾಗ ಮುಳ್ಳನ್ನು ಒಂದು ನಿಮಿಷ ಹಿಂದಕ್ಕೆ ತಿರುಗಿಸುವುದು, "ಒಂದು ನಿಮಿಷ ಹಿಂದ ಅದ ನೋಡ್ರಿ" ಎಂದು ಅಂಗಡಿಯ ಗೋಡೆ ಗಡಿಯಾರಕ್ಕೆ ಕೂಡಿಸಿಕೊಳ್ಳುವುದು. ಅವನು ಒಂದು ದಿನವೂ ಯಾಕೆ ಹೀಗೆ ಎಂದು ಕೇಳಲಿಲ್ಲ. ಆರು ತಿಂಗಳು ಹೀಗೇ ನಡೆಯಿತು. ಆಡಬೇಕಾದ ಮಾತನ್ನು ಇಬ್ಬರೂ ಆಡಲಿಲ್ಲ.

ದಸರೆ ಮುಗಿದ ಮೇಲೆ ಅವಳ ಅಪ್ಪ ಯಂಕಣ್ಣ ಒಂದು ಸಂಬಂಧ ತಂದ. ಅಪ್ಪ ಅಕ್ಕಿ ಗಿರಣಿಯಲ್ಲಿ ದುಡಿಯುವ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬನೇ ಸಾಕಿದ್ದ.

"ಹುಡುಗ ರಾಯಚೂರಾಗ ಕ್ಲರ್ಕ್ ಅದಾನ. ನಮ್ಮ ಪೈಕಿನ. ಜುಲುಮಿ ಇಲ್ಲವ್ವಾ, ಆದ್ರ ಲಗೂನ ಹೇಳು."

ಆ ರಾತ್ರಿ ಅಮರಮ್ಮನಿಗೆ ನಿದ್ದೆ ಹತ್ತಲಿಲ್ಲ. ನಾಳೆ ಅವನನ್ನೇ ನೇರವಾಗಿ ಕೇಳಿಬಿಡುತ್ತೇನೆ. ಹೆಚ್ಚೆಂದರೆ ಏನಾದೀತು?

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಬಂದವಳು ಅಲ್ಲೇ ನಿಂತಳು.

ಪಕೀರಪ್ಪ ಅರ್ಧ ತೋಳಿನ ಅಂಗಿ ತೊಟ್ಟಿದ್ದ. ಅವನ ಎಡಗೈಯಲ್ಲಿ ಬಂಗಾರದ ಬಣ್ಣದ ಹೊಚ್ಚ ಹೊಸ ವಾಚು!

ಮಾವ ಕೊಡಲಿ, ಕಟ್ಟತೀನಿ...

ಅವನು ತಲೆ ಎತ್ತಲಿಲ್ಲ. ಮುಖ ಬಾಡಿತ್ತು. ನನಗೆ ಹೇಳಲು ನಾಚಿಕೆ ಇರಬೇಕು ಎಂದುಕೊಂಡಳು.

"ಟೈಮು ಕೂಡಿಸ್ಕೋಬೇಕಿತ್ತೇನ್ರಿ?" ಎಂದ ಮೆಲ್ಲಗೆ.

"ಬ್ಯಾಡ. ನಂದು ಸರಿ ಅದ."

ಬಸ್ಸಿನಲ್ಲಿ ಕೂತ ಮೇಲೆ ಕಣ್ಣು ತುಂಬಿತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ "ಯಪ್ಪಾ, ಹ್ಞೂ ಅಂತ ತಿಳಿಸಿಬಿಡು," ಎಂದಳು.

ಮುಂದಿನ ಗುರುವಾರ ನಿಶ್ಚಯವೆಂದಾಯಿತು. ಆ ವಾರವೆಲ್ಲ ಅಮರಮ್ಮ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತಳು. ದಿನಕ್ಕೊಮ್ಮೆ ಚಾವಿ ಕೊಡಬೇಕಾದ ವಾಚಿಗೆ ಮೂರು ಸಲ ಕೊಟ್ಟಳು. ಬಸ್ಸಿಗೆ ಸುತ್ತಿನ ದಾರಿಯಲ್ಲಿ ಹೋದಳು. ಹೋಗಿಯೂ, ದೂರದಿಂದ ಆ ಅಂಗಡಿಯ ಬಾಗಿಲು ತೆರೆದಿದೆಯೇ ಎಂದು ನೋಡಿದಳು.

ಗುರುವಾರ ಬಂತು. ಹೋಳಿಗೆಯ ಹೂರಣ ರುಬ್ಬುತ್ತಿದ್ದ ಮಗಳನ್ನು ಯಂಕಣ್ಣ ಕರೆದ.

"ಬೀಗರು ಹನ್ನೊಂದರ ಬಸ್ಸಿಗೆ ಬರ್ತಾರ. ಗಂಡಿನ ವಾಚು ಪಕೀರಪ್ಪನ ಅಂಗಡ್ಯಾಗ ಅದ, ತಗೊಂಡು ಬಾರವ್ವಾ."

ಅವಳ ಕೈ ನಿಂತಿತು. "ಅಲ್ಲಿ ಯಾಕ ಅದ?"

"ನೀ ಹ್ಞೂ ಅಂತೀದಿ ಅಂತ ನಂಬಿ ಮೊದಲ ತಂದಿದ್ದೆ. ಇಟ್ಟಲ್ಲಿ ಓಡ್ತದ, ಕೈಗೆ ಕಟ್ಟಿದ್ರ ನಿಲ್ತದ. ಅಂಥವನ್ನ ಅವ ಎಂಟು ದಿನ ತನ್ನ ಕೈಗೇ ಕಟ್ಟಿ ನೋಡಿ ಕೊಡ್ತಾನ. ನಬೀಸಾಬ್ ಕಲಿಸಿದ ರಿವಾಜು. ಬಂಗಾರದ ಬಣ್ಣದ್ದು, ಚಂದ ಅದ."

ಅಮರಮ್ಮ ಒರಳು ಬಿಟ್ಟು ಎದ್ದಳು.

"ಯಾರದಂತ ಹೇಳಿ ಕೊಟ್ಟಿ, ಯಪ್ಪಾ?"

"ನಮ್ಮ ಅಮರಮ್ಮನ ಗಂಡಗ ಅಂತ. ಮತ್ತ ಹೆಂಗ ಹೇಳ್ತಾರ?"

ವಾಚು ನೋಡಿದಳು. ಹತ್ತೂ ಇಪ್ಪತ್ತು. ಹೂರಣ ಮೆತ್ತಿದ ಕೈಯಲ್ಲೇ ಓಡಿದಳು.

ಅಂಗಡಿಯಲ್ಲಿ ಪಕೀರಪ್ಪ ಒಬ್ಬನೇ ಇದ್ದ. ಅವಳನ್ನು ಕಂಡೊಡನೆ ಕಾಗದದಲ್ಲಿ ಸುತ್ತಿದ ವಾಚನ್ನು ಮೇಜಿನ ಮೇಲೆ ಅವಳ ಮುಂದಿಟ್ಟ.

"ಇನ್ನ ನಿಲ್ಲೂದಿಲ್ರಿ. ಚಲೋ ಓಡ್ತದ."

"ನನ್ನ ಗಂಡಂದು ಅಂತ ಗೊತ್ತಿದ್ದೂ ಕಟ್ಟಿಕೊಂಡು ಕುಂತಿದ್ರೇನು?"

"ಕೆಲಸ ಅಲ್ಲೇನ್ರಿ... ಕಟ್ಟದ ಹೆಂಗ ಕೊಡಲಿ?"

"ನಿಮಗ ನಿಶ್ಚಯ ಆತು ಅಂತ ತಿಳಕೊಂಡೆ ನಾನು. ಅದಕ್ಕ ಮನಿಗೆ ಹೋಗಿ ಹ್ಞೂ ಅಂದೆ."

ಪಕೀರಪ್ಪ ತಲೆ ಎತ್ತಿದ. ಒಂಬತ್ತು ದಿನಗಳ ಮೇಲೆ ಮೊದಲ ಸಲ ಅವಳ ಕಣ್ಣು ನೋಡಿದ.

ಅಮರಮ್ಮನಿಗೆ ಇನ್ನೊಂದು ವಿಷಯ ಹೊಳೆಯಿತು.

"ನನ್ನ ವಾಚೂ ಎಂಟು ದಿನ ಇಟ್ಕೊಂಡಿದ್ರಿ. ಅದನ್ನ ಎಲ್ಲಿ ಕಟ್ಟಿದ್ರಿ?"

ಅವನು ಅಂಗಿಗೆ ಇಲ್ಲದ ತುಂಬು ತೋಳನ್ನು ಕೆಳಗೆಳೆಯುವವನಂತೆ ಮಣಿಕಟ್ಟನ್ನು ಮುಚ್ಚಿಕೊಂಡ. ಏಪ್ರಿಲ್ ಬಿಸಿಲು, ಗುಂಡಿ ಹಾಕಿದ ತುಂಬು ತೋಳು, ಕೆಂಪಾದ ಕಿವಿ... ಎಲ್ಲ ಒಟ್ಟಿಗೆ ಅವಳ ನೆನಪಿಗೆ ಬಂದವು.

"ಹೆಣ್ಮಕ್ಕಳ ವಾಚು, ಮಂದಿ ನಗ್ತಾರಂತ ಮುಚ್ಚಿಟ್ಟಿದ್ದೆ," ಎಂದ. "ಐದನೇ ದಿನಕ್ಕ ನೆಟ್ಟಗಾಗಿತ್ರಿ. ಇನ್ನೂ ಮೂರು ದಿನ ಬಿಚ್ಚಾಕ ಮನಸಾಗಲಿಲ್ಲ. ತಪ್ಪಾತು."

ಅಮರಮ್ಮನಿಗೆ ಅಳು ಬಂತು, ನಗುವೂ ಬಂತು. "ನಾನೂ ತಪ್ಪು ಮಾಡೀನಿ. ದಿನಾ ಒಂದು ನಿಮಿಷ..."

"ಹಿಂದಕ್ಕ ತಿರುಗಿಸ್ಕೊಂಡು ಬರ್ತಿದ್ರಿ. ಗೊತ್ತದ. ನಾನ ರಿಪೇರಿ ಮಾಡಿದ ವಾಚು ದಿನಾ ಸರೀ ಒಂದ ನಿಮಿಷ ಹಿಂದ ಬೀಳ್ತದೇನು?"

"ಅಮರಮ್ಮಾ."

ಹಿಂದೆ ಯಂಕಣ್ಣ ನಿಂತಿದ್ದ. ಮಗಳು ಹೋದ ಪರಿ ನೋಡಿ ಗಾಬರಿಯಾಗಿ ಬೆನ್ನಿಗೇ ಬಂದಿದ್ದ. ಎಷ್ಟು ಕೇಳಿಸಿತ್ತೋ, ಮುಖ ಬಿಗಿದಿತ್ತು.

"ಬಸ್ಸಿಗೆ ಅರ್ಧ ತಾಸೂ ಉಳದಿಲ್ಲ. ನಾಲ್ಕು ಮಂದ್ಯಾಗ ನನ್ನ ಮಾತಿನ ಗತಿ ಏನು?"

ಅಮರಮ್ಮ ಅಪ್ಪನ ಎದುರಿಗೆ ಬಂದು ನಿಂತಳು. "ಯಪ್ಪಾ, ನಾ ಸಿಟ್ಟಿಗೆ ಹ್ಞೂ ಅಂದೆ. ಇವತ್ತ ಬ್ಯಾಡ ಅಂದ್ರ ನಿನಗ ಒಂದು ದಿನ ಅವಮಾನ. ಸುಮ್ನಿದ್ರ ಆ ಹುಡುಗನ ಬಾಳೇವು ಹಾಳು. ಅವಗೇನು ಪಾಪ ಗೊತ್ತದ?"

ಯಂಕಣ್ಣ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ಆಮೇಲೆ ಪಕೀರಪ್ಪನ ಕಡೆ ತಿರುಗಿದ.

"ನಿಮ್ಮಪ್ಪಗ ಐತವಾರ ಬರಾಕ ಹೇಳು."

"ಹೂಂ ರೀ," ಎಂದ ಪಕೀರಪ್ಪ.

"ಬಂದ ಮಂದಿಗೆ ನಾನ ಕೈ ಮುಗದು ಹೇಳ್ತೀನಿ. ಬೈದ್ರ ಬೈಸ್ಕೋತೀನಿ. ಉಂಡು ಹೋಗ್ರಿ ಅಂತ ಕೇಳ್ಕೋತೀನಿ, ಹೋಳಿಗಿ ಮಾಡಾಕ ಹತ್ತೀವಿ."

ಅಮರಮ್ಮ ಕಾಗದದ ಪೊಟ್ಟಣವನ್ನು ಅಪ್ಪನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ.

"ಎಂಟು ದಿನ ಅವನ ಕೈಗೆ ಹೊಂದ್ಯದ. ಅಲ್ಲೇ ಇರಲಿ."

ಇಷ್ಟು ಹೇಳಿ, ರುಮಾಲು ಸರಿಮಾಡಿಕೊಂಡು, ಬಸ್ಸು ಬರುವ ದಿಕ್ಕಿಗೆ ನಡೆದ. ಅಪ್ಪನ ಬೆನ್ನು ಮರೆಯಾಗುವವರೆಗೂ ಅಮರಮ್ಮ ನೋಡುತ್ತ ನಿಂತಳು. ಕಣ್ಣೀರು ಒರೆಸಿಕೊಂಡಾಗ ಕೆನ್ನೆಗೆ ಹೂರಣ ಹತ್ತಿತು.

ಆಮೇಲೆ ಪೊಟ್ಟಣ ಬಿಚ್ಚಿ, ಪಕೀರಪ್ಪನ ಕೈಗೆ ತಾನೇ ವಾಚು ಕಟ್ಟಿದಳು. ಕಟ್ಟಿದ ಕೈ ಬಿಡಲಿಲ್ಲ. ಮೂರು ಬೆರಳು ನಾಡಿಯ ಮೇಲಿಟ್ಟು ತನ್ನ ಪುಟ್ಟ ವಾಚಿನ ಮುಳ್ಳು ನೋಡುತ್ತ ನಿಂತಳು. ಪೂರ್ತಿ ಒಂದು ನಿಮಿಷ ಎಣಿಸಿದಳು.

"ನೂರಾ ಇಪ್ಪತ್ತು," ಎಂದಳು.

"ವಾಚು ಕೆಟ್ಟಿರಬೇಕ್ರಿ."

"ಇಲ್ಲ. ನೀವ ಎಂಟು ದಿನ ಕಟ್ಟಿ ನೋಡಿ ಕೊಟ್ಟಿದ್ದು."

ಪಕೀರಪ್ಪ ಕೈ ಎಳೆದುಕೊಳ್ಳಲಿಲ್ಲ.

"ಹಂಗಾದ್ರ... ಇನ್ನೊಮ್ಮೆ ಎಣಸ್ರಿ."