ಪುಕ್ಕಲ ಹೇಳಿದ ಸಾಕ್ಷಿ

ಸೋಮವಾರ ಬೆಳಿಗ್ಗೆ ಲಸಿಕೆ ಕಾರ್ಖಾನೆಯ ಶೀತಲ ಕಪಾಟಿನ ಬಾಗಿಲು ಅರ್ಧ ತೆರೆದಿತ್ತು. ಕಾಲುಬಾಯಿ ಜ್ವರಕ್ಕೆ ಚುಚ್ಚುಮದ್ದು ಹಾಕಿಸಿಕೊಂಡೂ ನಲವತ್ತೊಂದು ಕರುಗಳು ಸತ್ತಿದ್ದವು. ಅದೇ ಮದ್ದಿನ, ಕಾರ್ಖಾನೆಯಲ್ಲಿ ಉಳಿದ ಸೀಸೆಗಳು ಆ ಕಪಾಟಿನಲ್ಲಿದ್ದವು. ಅವತ್ತೇ ಪರೀಕ್ಷೆಗೆ ಒಯ್ಯಬೇಕಿತ್ತು.

“ಮುಗೀತು,” ಎಂದ ನಿರ್ದೇಶಕ, ಸೀಸೆ ಒಯ್ಯಲು ಬಂದ ಪೊಲೀಸ್ ಇನ್‌ಸ್ಪೆಕ್ಟರಮ್ಮನಿಗೆ. “ಶನಿವಾರ ಸಂಜೆಯಿಂದ ಮೂವತ್ತು ಡಿಗ್ರಿ. ತಾಪದ ಚಾರ್ಟ್ ನೋಡಿ. ಈಯಮ್ಮ ಬೇಕಂತಲೇ ಬಾಗಿಲು ಹಾಕಿಲ್ಲ. ಸಾಕ್ಷಿ ನಾಶ. ಒಳಗೆ ಹಾಕಿ.”

ಈಯಮ್ಮ ಅಂದರೆ ಹದಿನಾರು ವರ್ಷದಿಂದ ದುಡಿಯುತ್ತಿದ್ದ ಲ್ಯಾಬ್ ಸಹಾಯಕಿ. ಎಲ್ಲರಿಗೂ ಅಕ್ಕ. ಸಂಬಳಕ್ಕೆ ತಾತ್ಕಾಲಿಕ, ತಪ್ಪು ಹೊರಲು ಮಾತ್ರ ಕಾಯಂ.

“ಹಾಕಿದ್ದೆ, ಮೇಡಂ. ಎರಡು ಸಲ ಎಳೆದು ನೋಡಿದ್ದೆ.”

ಇನ್‌ಸ್ಪೆಕ್ಟರಮ್ಮ ಕೂರಲಿಲ್ಲ. ಕಿಟಕಿಗೆ ಹೋದರು, ಕಪಾಟಿಗೆ ಬಂದರು.

“ಕೀಲಿ?”

“ನನ್ನ ಹತ್ರ ಒಂದು, ಸಾಹೇಬ್ರ ಹತ್ರ ಒಂದು.”

“ಕೆಳಗಿನ ತಟ್ಟೆಯಲ್ಲಿರೋದು?”

“ಪುಕ್ಕಲ. ಇನ್ನೊಂದು ತಳಿಯ ಮದ್ದಿಗೆ ನಾವಿಟ್ಟ ಹೆಸರು. ಮದ್ದಲ್ಲಿರೋದು ವೈರಸ್ಸಿನ ಹೊರಮೈ ಪ್ರೋಟೀನಿನ ಚಿಪ್ಪು, ಮೇಡಂ. ಚಿಪ್ಪು ಇಡಿಯಾಗಿದ್ರೇನೇ ದನದ ಮೈ ಗುರುತು ಹಿಡಿದು ಕಾದಾಡೋದು. ಈ ತಳಿಯ ಚಿಪ್ಪಿನ ಬೆಸುಗೆ ಸಡಿಲ. ಬಿಸಿ ತಾಗಿದ್ರೆ ಬಿಚ್ಚಿಹೋಗುತ್ತೆ. ಕರುಗಳಿಗೆ ಕೊಟ್ಟದ್ದು ಪೈಲ್ವಾನ, ಗಟ್ಟಿ ತಳಿ.”

“ಎಲ್ಲಾ ಕೆಟ್ಟಿರುತ್ತೆ, ಬಿಸಾಕಿ,” ನಿರ್ದೇಶಕನಿಗೆ ಅವಸರ.

“ಎರಡೂ ಪರೀಕ್ಷೆಗೆ ಹೋಗಲಿ.”

* * *

ಕರೆಂಟು ಹೋಗಿತ್ತೇ? ಇಲ್ಲ. ಬಾಗಿಲಿನ ರಬ್ಬರು ಸವೆದಿತ್ತೇ? ಹೊಸದು. ಕೆಲಸ ಕಾಯಂ ಮಾಡಿ ಎಂಬ ಅಕ್ಕನ ಅರ್ಜಿಯನ್ನು ನಿರ್ದೇಶಕ ಹರಿದೆಸೆದಿದ್ದ. ಹಾಗಾದರೆ ಸೇಡೇ? ಇನ್‌ಸ್ಪೆಕ್ಟರಮ್ಮನ ಚಹಾ ಮೂರು ದಿನ ಲೋಟದಲ್ಲೇ ಆರಿತು.

* * *

ಗುರುವಾರ ವರದಿ ಬಂತು. ಇನ್‌ಸ್ಪೆಕ್ಟರಮ್ಮ ನಿರ್ದೇಶಕ, ಅಕ್ಕ ಇಬ್ಬರನ್ನೂ ಕರೆಸಿದರು.

“ಪೈಲ್ವಾನ ಚೂರುಚೂರು. ಪುಕ್ಕಲ ಇಡಿಯಾಗಿದ್ದಾನೆ. ಬಿಸಿಯಾಗಿದ್ರೆ ಮೊದಲು ಸಾಯಬೇಕಾದವನು ಅವನೇ. ಅಂದ್ರೆ ಕಪಾಟು ಬಿಸಿಯಾಗೇ ಇಲ್ಲ, ಸಾರ್.”

“ಚಾರ್ಟ್ ಸುಳ್ಳಾ?”

“ಬಾಗಿಲು ತೆರೆದಿದ್ರೆ ಗೆರೆ ಮೆಲ್ಲಗೆ ಏರಬೇಕು. ಇದು ಐದೇ ನಿಮಿಷಕ್ಕೆ ನೆಗೆದಿದೆ. ತಾಪ ಅಳೆಯೋ ತಂತೀನ ಯಾರೋ ಹೊರಗೆಳೆದು ಮೇಜಿನ ಮೇಲಿಟ್ಟಿದ್ರು. ಸೋಮವಾರ ಅದನ್ನ ಒಳಗೆ ತೂರಿಸಿ, ಬಾಗಿಲು ತೆರೆದಿಟ್ರು.”

“ಇವಳೇ ಇರಬಹುದಲ್ಲ!”

“ಇವರಿಗೇನು ಲಾಭ? ಪೈಲ್ವಾನ ಕಪಾಟಿಗೆ ಬರೋ ಮೊದಲೇ ಒಡೆದಿದ್ದ. ಬೇಗ ಮುಗಿಸೋಕೆ ನೀವು ಆಮ್ಲದ ನೀರಲ್ಲಿ ತೊಳೆಸಿದ್ರಿ. ಚಿಪ್ಪು ಒಡೆಯುತ್ತೆ, ಬೇಡ ಅಂತ ಅಕ್ಕ ಬರೆದುಕೊಟ್ಟ ಚೀಟಿ ನಿಮ್ಮ ಡ್ರಾಯರಲ್ಲೇ ಸಿಕ್ತು. ನೀವು ಪ್ರೋಟೀನಿನ ತೂಕ ಮಾತ್ರ ನೋಡಿ ಸಹಿ ಹಾಕಿದ್ರಿ. ಒಡೆದ ಮಡಕೆಯ ಚೂರು ತೂಗಿದ್ರೂ ತೂಕ ಅಷ್ಟೇ ಬರುತ್ತೆ, ಸಾರ್. ಕಪಾಟು ಕೆಟ್ಟಿತು ಅಂದ್ರೆ ನಿಮ್ಮ ಸಹಿ ಉಳಿಯುತ್ತೆ, ಇವರು ಜೈಲಿಗೆ.”

ನಿರ್ದೇಶಕ ವರದಿಯನ್ನು ಪಕ್ಕಕ್ಕೆ ತಳ್ಳಿದ. “ಮೇಲಿನವರು ಗಡುವು ಕೊಟ್ಟಿದ್ರು...”

ಪೇದೆ ಅವನ ತೋಳು ಹಿಡಿದ.

“ಅಕ್ಕ, ನೀವಿನ್ನು ಮನೆಗೆ ಹೋಗಿ.”

ಅಕ್ಕ ಕದಲಲಿಲ್ಲ. “ಮನೆ ಎಲ್ಲಿಗೂ ಓಡಲ್ಲ, ಮೇಡಂ. ಇದೇ ಪೈಲ್ವಾನನ ಮದ್ದು ಹೊತ್ತು ಕಳೆದ ಶುಕ್ರವಾರ ಹೊರಟ ಎರಡು ಲಾರಿ ಇನ್ನೂ ಊರೂರು ಸುತ್ತುತ್ತಿವೆ. ಮೂರು ದಿನದಿಂದ ಬಡಕೊಳ್ತಿದೀನಿ. ಕಳ್ಳಿ ಅನ್ನಿಸಿಕೊಂಡವಳ ಮಾತು ಯಾರು ಕೇಳ್ತಾರೆ?”

ಇನ್‌ಸ್ಪೆಕ್ಟರಮ್ಮನ ಮುಖ ಕಪ್ಪಿಟ್ಟಿತು. ಫೋನು ಎತ್ತಿಕೊಂಡರು.

“ಲಾರಿ ನಂಬರ್ ಹೇಳಿ, ಅಕ್ಕ.”