ಹಾಯಿಬಟ್ಟೆಯ ಮೇಲಿನ ಸಂಡಿಗೆ

ನಂಬಿ, ಬಿಡಿ, ಆ ಮೇ ತಿಂಗಳಿಂದ ನಾನು ಸಂಡಿಗೆ ಮುಟ್ಟಿಲ್ಲ.

ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದ್ದು 2004ರಲ್ಲಿ. ಗಾಜುವಾಕದ ಬಾಡಿಗೆ ಮನೆಯ ತಾರಸಿಯಲ್ಲಿ ಸಂಡಿಗೆ ಇಡಲು ದಪ್ಪ ಬಟ್ಟೆ ಬೇಕು ಅಂದಳು ಹೆಂಡತಿ ಸುಲೋಚನಾ. ಗುಜರಿ ಅಂಗಡಿಯಲ್ಲಿ ಹಳೇ ಹಾಯಿಹಡಗಿನ ಮುರಿದ ಕಂಬಗಳು ಬಿದ್ದಿದ್ದವು. ಅವುಗಳ ಅಡಿಯಲ್ಲಿ ಹಾಯಿಬಟ್ಟೆಯ ಆರಡಿ ಚೀಲವೊಂದು ಸಿಕ್ಕಿತು. ಸುತ್ತಲೂ ಹೊಲಿದಿತ್ತು, ಒಳಗೇನೂ ಇದ್ದಂತಿರಲಿಲ್ಲ. ಸುಲೋಚನಾ ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಎರಡು ಸಲ ಒಗೆದು ಹಾಸಿ, ಸಂಡಿಗೆ ಇಟ್ಟಳು.

ಮಧ್ಯಾಹ್ನದ ಹೊತ್ತಿಗೆ ಸಂಡಿಗೆಯ ಮೇಲ್ಭಾಗ ಗರಿಗರಿ ಒಣಗಿತ್ತು. ತಿರುವಿದರೆ ಅಡಿಯೆಲ್ಲ ಲೋಳೆ. ಯಾರೋ ಬಾಯಲ್ಲಿಟ್ಟು ಉಗಿದ ಹಾಗೆ ಬೆಚ್ಚಗಿತ್ತು. ಕೊಳೆತ ಮೀನಿನ ನಾತ ಬೇರೆ.

"ರೀ, ಉಪ್ಪು ಜಾಸ್ತಿಯಾದ್ರೆ ಹೀಗೆ ನೀರು ಬಿಡುತ್ತೆ, ಆದ್ರೆ ನಾನು ಕಮ್ಮಿನೇ ಹಾಕಿದ್ದೆ, ರುಚಿ ನೋಡಿ," ಅಂದಳು.

ನನ್ನ ಬುದ್ಧಿಗಿಷ್ಟು! ಬಾಯಿಗೆ ಹಾಕಿಕೊಂಡೆ. ಸಮುದ್ರದ ನೀರೇ. ಹಲ್ಲಿಗೆ ಕೂದಲು ಸಿಕ್ಕಿತು. ಎಳೆದೆ, ಇನ್ನೂ ಬಂತು, ಮೊಳದುದ್ದ ಬಂತು. ಅಲ್ಲೇ ವಾಂತಿ ಮಾಡಿದೆ.

ಕೆಳಮನೆಯ ಅಪ್ಪಲಸ್ವಾಮಿಗಾರು ಬಂದರಿನಲ್ಲಿ ಹಾಯಿ ಹೊಲಿದು ಮುದುಕರಾದವರು. ಮೇಲೆ ಬಂದು ಬಟ್ಟೆ ನೋಡಿದವರೇ ಮೂಗು ಮುಚ್ಚಿಕೊಂಡರು. "ಅಯ್ಯೋ ಸಾರ್, ನಡುಗಡಲಲ್ಲಿ ಸತ್ತವರನ್ನ ಹೀಗೇ ಹೊಲಿದು ನೀರಿಗೆ ಬಿಡ್ತಿದ್ದರಂತೆ. ಇದನ್ನ ಯಾರು ಹೊಲಿದರೋ ಪಾಪ," ಅಂದರು.

ಸುಲೋಚನಾ ಒಳಗೆ ಹೋಗಿ ತನ್ನ ಹೊಲಿಗೆ ಡಬ್ಬಿ ತಂದು, ಒಂದು ದಪ್ಪ ಸೂಜಿ ಎತ್ತಿ ತೋರಿಸಿದಳು. ಅದರಲ್ಲಿ ಅದೇ ಚೀಲದ ದಾರ ಪೋಣಿಸಿತ್ತು.

"ಇದು ಎಲ್ಲಿತ್ತಮ್ಮಾ?" ಅಂತ ಕೇಳಿದರು ಅಪ್ಪಲಸ್ವಾಮಿಗಾರು.

"ಚೀಲದ ಒಳಗೇ ಇತ್ತು," ಅಂದಳು. "ಹೊಲಿಗೆಯ ಗಂಟೂ ಅಷ್ಟೆ, ಒಳಗಡೆಯಿಂದಲೇ ಹಾಕಿತ್ತು."